ಸಂಬಳ ಏರಿದ ಮೇಲೂ ನಿಲ್ಲದ ಕಡಿತ

ಮನೆಯಲ್ಲಿ ದುಡಿಯುವವರಿಗೆ ಸಂಬಳ ಹೆಚ್ಚಿತೆಂಬ ವಾರ್ತೆ ಬಂದ ದಿನ ಅಡುಗೆಮನೆಯಿಂದ ಸಜ್ಜಿಗೆಯ ಪರಿಮಳ ಹೊರಡುವುದು ವಾಡಿಕೆ. ಆ ಸಿಹಿ ಮರೆಯುವ ಮುನ್ನವೇ ತಿಂಗಳ ಕೊನೆಯ ಸಂಬಳದ ಚೀಟಿ ಕೈಸೇರುತ್ತದೆ. ಅದರಲ್ಲಿ ‘ಇ.ಎಸ್.ಐ.’ ಎಂಬ ಸಾಲು ಮೊದಲಿನಂತೆಯೇ ಇರುತ್ತದೆ. ಕಡಿತದ ಮೊತ್ತವಂತೂ ಕೊಂಚ ಬೆಳೆದೇ ಇರುತ್ತದೆ. ವಿಮೆಯ ಮಿತಿಯನ್ನು ದಾಟಿದ ಮೇಲೂ ಈ ಕಡಿತವೇಕೆ? ಲೆಕ್ಕದ ಗುಮಾಸ್ತರು ತಪ್ಪಿದರೇ? ಹೀಗೆಂದು ಮನೆಮಂದಿ ಶಂಕಿಸುವುದು ಸಹಜ. ಆದರೆ ಹೆಚ್ಚಿನ ಸಂದರ್ಭಗಳಲ್ಲಿ ಗುಮಾಸ್ತರ ಲೆಕ್ಕ ಸರಿಯಾಗಿಯೇ ಇರುತ್ತದೆ. ಆ ಕಡಿತವು ಮನೆಗೆ ನಷ್ಟವಲ್ಲ, ರಕ್ಷೆ.

ನೌಕರರ ರಾಜ್ಯ ವಿಮೆಯ ಶಾಸನವು 1948ರಲ್ಲಿ ರೂಪುಗೊಂಡಿತು. 1952ರ ಫೆಬ್ರವರಿ 24ರಂದು ಪ್ರಧಾನಿ ಜವಾಹರಲಾಲ್ ನೆಹರೂ ಅವರು ಕಾನಪುರದಲ್ಲಿ ಯೋಜನೆಯನ್ನು ಉದ್ಘಾಟಿಸಿದರು. 1958ರಲ್ಲಿ ಅದು ಬೆಂಗಳೂರಿಗೂ ಬಂದಿತು. ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯನ್ನು ಅರಿಯದ ಕಾರ್ಮಿಕ ಕುಟುಂಬ ಆ ನಗರದಲ್ಲಿ ವಿರಳ. ಆರಂಭದಲ್ಲಿ ತಿಂಗಳಿಗೆ 400 ರೂಪಾಯಿಯವರೆಗೆ ವೇತನವುಳ್ಳವರಿಗೆ ಮೀಸಲಾಗಿದ್ದ ಈ ರಕ್ಷೆಯ ಮಿತಿ ಕಾಲಕಾಲಕ್ಕೆ ಏರುತ್ತ ಬಂದು, 2017ರ ಜನವರಿ 1ರಿಂದ 21,000 ರೂಪಾಯಿಗೆ ನಿಂತಿತು. 2019ರ ಜುಲೈ 1ರಿಂದ ನೌಕರರ ವಂತಿಗೆ ನೂರಕ್ಕೆ ಮುಕ್ಕಾಲು ರೂಪಾಯಿ, ಮಾಲೀಕರ ವಂತಿಗೆ ನೂರಕ್ಕೆ ಮೂರೂಕಾಲು ರೂಪಾಯಿ ಎಂದು ಗೊತ್ತಾಯಿತು.

ಕಡಿತದ ಗುಟ್ಟು ಇರುವುದು ಅವಧಿಯ ಲೆಕ್ಕದಲ್ಲಿ. ವರ್ಷವನ್ನು ಎರಡು ವಂತಿಗೆ ಅವಧಿಗಳಾಗಿ ವಿಭಾಗಿಸಲಾಗಿದೆ: ಏಪ್ರಿಲ್ 1ರಿಂದ ಸೆಪ್ಟೆಂಬರ್ 30ರವರೆಗೆ ಒಂದು, ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ ಇನ್ನೊಂದು. ಅವಧಿಯ ಆರಂಭದಲ್ಲಿ ಮಿತಿಯೊಳಗಿದ್ದವರ ವೇತನ ನಡುವೆ ಮಿತಿಯನ್ನು ಮೀರಿದರೂ ಅವಧಿ ಮುಗಿಯುವವರೆಗೆ ಅವರು ವಿಮೆಯ ಆಶ್ರಯದಲ್ಲಿಯೇ ಇರುತ್ತಾರೆ. ವಂತಿಗೆಯನ್ನೂ 21,000ಕ್ಕೆ ನಿಲ್ಲಿಸದೆ, ಏರಿದ ಪೂರ್ಣ ವೇತನದ ಮೇಲೆಯೇ ಕೊಡಬೇಕಾಗುತ್ತದೆ. ಏರಿಕೆಯು ಏಪ್ರಿಲ್ 1ರಂದೋ ಅಕ್ಟೋಬರ್ 1ರಂದೋ ಜಾರಿಗೆ ಬಂದರೆ ಅಂದೇ ವಿಮೆಯಿಂದ ಹೊರಗೆ. ಅನಂತರ ಬಂದರೆ ಆ ಅವಧಿಯ ಕೊನೆಯವರೆಗೂ ಒಳಗೆ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾದೀತು. 20,000 ರೂಪಾಯಿ ವೇತನ ಪಡೆಯುತ್ತಿದ್ದ ನೌಕರನಿಗೆ 2024ರ ಜೂನ್ 1ರಿಂದ 24,000 ರೂಪಾಯಿಯಾಯಿತೆಂದು ಭಾವಿಸಬಹುದು. ಏಪ್ರಿಲ್, ಮೇ ತಿಂಗಳುಗಳಲ್ಲಿ ಅವನ ಕಡಿತ 150 ರೂಪಾಯಿ; ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೆ 180 ರೂಪಾಯಿ. ಆರು ತಿಂಗಳಿಗೆ ಅವನು ಕೊಟ್ಟದ್ದು 1,020 ರೂಪಾಯಿ. ಮಾಲೀಕರು ತಮ್ಮ ಪಾಲೆಂದು ತೆತ್ತದ್ದು 4,420 ರೂಪಾಯಿ. ಈ ಎರಡನೆಯ ಮೊತ್ತವನ್ನು ನೌಕರನ ವೇತನದಿಂದ ಹಿಡಿಯಲು ಕಾನೂನು ಒಪ್ಪುವುದಿಲ್ಲ. ಅಕ್ಟೋಬರ್ 1ರಿಂದ ಅವನಿಗೆ ಕಡಿತವಿಲ್ಲ.

ಹಾಗಾದರೆ ಅಂದಿನಿಂದಲೇ ರಕ್ಷೆಯೂ ಇಲ್ಲವೇ? ಇದೆ. ಒಂದು ಅವಧಿಯಲ್ಲಿ ಕೊಟ್ಟ ವಂತಿಗೆಯ ಫಲ ದೊರೆಯುವುದು ಮೂರು ತಿಂಗಳು ಬಿಟ್ಟು ಬರುವ ಸೌಲಭ್ಯ ಅವಧಿಯಲ್ಲಿ. 2024ರ ಏಪ್ರಿಲ್-ಸೆಪ್ಟೆಂಬರ್ ವಂತಿಗೆಗೆ ಸಂದ ಸೌಲಭ್ಯ ಅವಧಿ 2025ರ ಜನವರಿ 1ರಿಂದ ಜೂನ್ 30. ನಡುವಣ ಮೂರು ತಿಂಗಳನ್ನು ಹಿಂದಿನ ಅವಧಿಯ ವಂತಿಗೆ ಕಾಯುತ್ತದೆ. ಹೀಗೆ ಕಡಿತ ನಿಂತು ಒಂಬತ್ತು ತಿಂಗಳಾಗುವವರೆಗೆ ಆ ನೌಕರನ ಪತ್ನಿ, ಮಕ್ಕಳು, ಅವಲಂಬಿತರಾದ ತಂದೆತಾಯಿಗಳಿಗೆ ಆಸ್ಪತ್ರೆಯ ಬಾಗಿಲು ತೆರೆದೇ ಇರುತ್ತದೆ. ಅವನೇ ಕಾಯಿಲೆಬಿದ್ದು ಸಂಬಳವಿಲ್ಲದೆ ಮಲಗಿದರೆ, ವೇತನದ ನೂರಕ್ಕೆ 70ರಷ್ಟನ್ನು ವರ್ಷಕ್ಕೆ 91 ದಿನಗಳವರೆಗೆ ಪಡೆಯುವ ಹಕ್ಕೂ ಉಂಟು.

ಆ ಹಕ್ಕಿಗೆ ಒಂದು ನಿಬಂಧನೆಯಿದೆ: ಸಂಬಂಧಪಟ್ಟ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಸಂದಿರಬೇಕು. ಸಂಬಳ ಏರಿದ ದಿನವೇ ಕಡಿತ ನಿಲ್ಲಬೇಕೆಂದು ಹಟ ಹಿಡಿಯುವವರು ಗಮನಿಸಬೇಕಾದ ಸಂಗತಿಯಿದು. ಮೇಲಿನ ಉದಾಹರಣೆಯಲ್ಲಿ ಮೇ ತಿಂಗಳ ಕೊನೆಗೇ ವಂತಿಗೆ ನಿಂತಿದ್ದರೆ ದಾಖಲೆಯಲ್ಲಿ ಉಳಿಯುತ್ತಿದ್ದುದು 61 ದಿನ ಮಾತ್ರ. ತಿಂಗಳಿಗೆ 180 ರೂಪಾಯಿ ಉಳಿಸಹೊರಟ ಮನೆ, ಕಾಯಿಲೆಯ ಕಾಲದಲ್ಲಿ ಬರಬೇಕಾದ ಹಣಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತಿತ್ತು. ಮಿತಿಯ ಅಂಚಿನಲ್ಲಿರುವ ನೌಕರರು ತಿಂಗಳಿಗೊಮ್ಮೆ ಒಳಗೂ ಹೊರಗೂ ತೂಗಾಡಬಾರದೆಂಬುದೇ ಈ ನಿಯಮದ ಹುರುಳು.

ಇನ್ನೊಂದು ಎಚ್ಚರಿಕೆ ಅವಶ್ಯ. 2025ರ ನವೆಂಬರ್ 21ರಂದು ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು 1948ರ ಶಾಸನದ ಸ್ಥಾನವನ್ನು ಪಡೆಯಿತು. ಭತ್ಯೆಗಳು ಒಟ್ಟು ಪ್ರತಿಫಲದ ಅರ್ಧವನ್ನು ಮೀರಿದರೆ ಮೀರಿದ ಭಾಗವನ್ನು ವೇತನಕ್ಕೇ ಸೇರಿಸಬೇಕೆಂದು ಅದರಲ್ಲಿ ವಿಧಿಸಿದೆ. ಆದುದರಿಂದ ಚೀಟಿಯ ತಳದಲ್ಲಿರುವ ಒಟ್ಟು ಮೊತ್ತವನ್ನು ನೋಡಿ ತಾವೇ ನಿರ್ಧರಿಸದೆ, ವಿಮೆಗೆ ಲೆಕ್ಕಕ್ಕೆ ಹಿಡಿದ ವೇತನವೆಷ್ಟು, ಏರಿಕೆ ಜಾರಿಗೆ ಬಂದ ದಿನಾಂಕ ಯಾವುದು ಎಂಬ ಎರಡು ಪ್ರಶ್ನೆಗಳನ್ನು ಲೆಕ್ಕಪತ್ರ ವಿಭಾಗದಲ್ಲಿ ವಿಚಾರಿಸುವುದು ಲೇಸು. ಆ ಚೀಟಿಗಳನ್ನು ಜೋಪಾನವಾಗಿರಿಸುವುದೂ ಅಷ್ಟೇ ಮುಖ್ಯ.

ನಿಜವಾಗಿ ಚಿಂತಿಸಬೇಕಾದುದು ಕಡಿತ ಮುಂದುವರಿದ ತಿಂಗಳಿನ ವಿಷಯವನ್ನಲ್ಲ, ಅದು ನಿಂತ ತಿಂಗಳಿನ ವಿಷಯವನ್ನು. ಆ ತಿಂಗಳು ಕೈಗೆ 180 ರೂಪಾಯಿ ಹೆಚ್ಚು ಬರುತ್ತದೆ. ಆದರೆ ವೃದ್ಧ ತಾಯಿಯ ಮಧುಮೇಹದ ಔಷಧಿ, ಮಗುವಿನ ಜ್ವರ, ಮನೆಯೊಡತಿಯ ಶಸ್ತ್ರಚಿಕಿತ್ಸೆ ಇವೆಲ್ಲದರ ಹೊರೆ ಮನೆಯ ಹೆಗಲಿಗೆ ಬೀಳುವ ದಿನವೂ ಸಮೀಪಿಸುತ್ತದೆ. ಖಾಸಗಿ ಆರೋಗ್ಯ ವಿಮೆಯನ್ನು ಕೊಂಡೊಡನೆ ಎಲ್ಲ ರೋಗಗಳಿಗೂ ಹಣ ದೊರೆಯುವುದಿಲ್ಲ. ಮೊದಲೇ ಇದ್ದ ಕಾಯಿಲೆಗಳಿಗೆ ಮೂರು ವರ್ಷಗಳವರೆಗೂ ಕಾಯಬೇಕಾಗಬಹುದು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೇನು ಫಲ? ಸಂಬಳ ಹೆಚ್ಚಿದ ತಿಂಗಳೇ ಆ ಹೆಚ್ಚಳದ ಒಂದು ಪಾಲನ್ನು ತೆಗೆದಿಟ್ಟು ಕುಟುಂಬಕ್ಕೆ ಬೇರೆ ವಿಮೆಯನ್ನು ಮಾಡಿಸಿದರೆ, ಹಳೆಯ ರಕ್ಷೆ ಮುಗಿಯುವ ಹೊತ್ತಿಗೆ ಕಾಯಬೇಕಾದ ಕಾಲದಲ್ಲಿ ಒಂದು ಭಾಗವಾದರೂ ಕಳೆದಿರುತ್ತದೆ.