ಚಿತ್ರಕ್ಕೆ ಬೆಲೆಯುಂಟು, ಹೊಲಕ್ಕೆ ನೆರೆಯಿಲ್ಲ

ಇಥಿಯೋಪಿಯಾದ ನೈಋತ್ಯದಲ್ಲಿ, ಕೀನ್ಯಾ ಹಾಗೂ ದಕ್ಷಿಣ ಸುಡಾನ್ ಗಡಿಗೆ ಹೊಂದಿಕೊಂಡಿರುವ ಕೆಳ ಓಮೋ ಕಣಿವೆ ವಿಶ್ವ ಪ್ರವಾಸೋದ್ಯಮದ ಭೂಪಟದಲ್ಲಿ ಸುಪ್ರಸಿದ್ಧ. ಕೆಳತುಟಿಗೆ ಮಣ್ಣಿನ ಬಿಲ್ಲೆ ಧರಿಸುವ ಮುರ್ಸಿ ಮಹಿಳೆಯರು, ಸಾಲಾಗಿ ನಿಲ್ಲಿಸಿದ ದನಗಳ ಬೆನ್ನ ಮೇಲೆ ಓಡುವ ಹಮರ್ ಯುವಕರು, ಮೈಮೇಲೆ ಬಿಳಿಮಣ್ಣಿನ ಚಿತ್ತಾರ ಬರೆದುಕೊಳ್ಳುವ ಕಾರಾ ಜನರನ್ನು ಕ್ಯಾಮೆರಾದಲ್ಲಿ ಸೆರೆಹಿಡಿಯಲು ವಿದೇಶಿಯರು ಜೀಪುಗಳಲ್ಲಿ ಬಂದಿಳಿಯುತ್ತಾರೆ. ಒಂದೊಂದು ಚಿತ್ರಕ್ಕೂ ಇಷ್ಟು ಬಿರ್ ಎಂಬ ಚೌಕಾಸಿ ನಡೆಯುತ್ತದೆ. ಹೆಚ್ಚು ವಿಚಿತ್ರವಾಗಿ ಕಂಡವರಿಗೆ ಹೆಚ್ಚು ಗಿರಾಕಿ. ಹೀಗಾಗಿ ದೈನಂದಿನ ಬದುಕಿನಲ್ಲಿ ಇಲ್ಲದ ಅಲಂಕಾರಗಳೂ ಪ್ರವಾಸಿಗರಿಗಾಗಿ ಹುಟ್ಟಿಕೊಂಡಿವೆ.

ಈ ಜನರನ್ನು 'ಕಾಲ ಮರೆತವರು' ಎಂದು ಬಣ್ಣಿಸುವುದು ಪ್ರವಾಸಿ ಕೈಪಿಡಿಗಳ ವಾಡಿಕೆ. ಆದರೆ ಇವರ ಹಸಿವು ಪುರಾತನವಾದುದಷ್ಟೇ ಅಲ್ಲ. ಅದರ ಬಹುಭಾಗ ಈ ಶತಮಾನದ ಯೋಜನೆಗಳ ಫಲ.

ಮುರ್ಸಿಗಳ ಆಹಾರ ವ್ಯವಸ್ಥೆ ಮೂರು ಆಧಾರಗಳ ಮೇಲೆ ನಿಂತಿತ್ತು: ಪಶುಪಾಲನೆ, ಮಳೆಯಾಶ್ರಿತ ಬೇಸಾಯ ಮತ್ತು ನೆರೆ ಇಳಿದ ದಡದ ಬೇಸಾಯ. ಇಥಿಯೋಪಿಯಾದ ಎತ್ತರದ ಪ್ರದೇಶದಲ್ಲಿ ಸುರಿದ ಮಳೆಯಿಂದ ಓಮೋ ಆಗಸ್ಟ್-ಸೆಪ್ಟೆಂಬರ್ ವೇಳೆಗೆ ಉಕ್ಕುತ್ತಿತ್ತು. ನೀರು ಇಳಿದ ಮೇಲೆ ಉಳಿದ ಹಸಿ ಮೆಕ್ಕಲಿನಲ್ಲಿ ಜೋಳ ಬಿತ್ತಿದರೆ ಜನವರಿ-ಫೆಬ್ರವರಿಯಲ್ಲಿ ಕೊಯ್ಲು. ಸ್ಥಳೀಯ ಮಳೆ ಕೈಕೊಟ್ಟ ವರ್ಷವೂ ದೂರದ ಮಳೆ ಅನ್ನ ನೀಡುತ್ತಿತ್ತು. ಬೋಡಿ, ಕ್ವೆಗು, ಕಾರಾ, ನ್ಯಾಂಗಟೊಮ್, ದಾಸನೆಚ್ ಸಮುದಾಯಗಳೂ ಈ ನೆರೆಯನ್ನು ನಂಬಿದ್ದವು.

ಈ ಲೆಕ್ಕಾಚಾರವನ್ನು ತಲೆಕೆಳಗು ಮಾಡಿದ್ದು ಗಿಬೆ-3 ಅಣೆಕಟ್ಟು. 243 ಮೀಟರ್ ಎತ್ತರದ, 1,870 ಮೆಗಾವ್ಯಾಟ್ ಸಾಮರ್ಥ್ಯದ ಈ ಯೋಜನೆಯ ಕಾಮಗಾರಿ 2006ರಲ್ಲಿ ಆರಂಭವಾಯಿತು. 2015ರಲ್ಲಿ ಜಲಾಶಯ ತುಂಬತೊಡಗಿತು. 2016ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಬಡ ರಾಷ್ಟ್ರಕ್ಕೆ ವಿದ್ಯುತ್ ಬೇಕೆಂಬ ವಾದವನ್ನು ಅಲ್ಲಗಳೆಯಲಾಗದು. 2006ರ ಪ್ರವಾಹದಲ್ಲಿ ನದಿಯ ಕೆಳಭಾಗದಲ್ಲಿ ನೂರಾರು ಮಂದಿ ಸತ್ತದ್ದೂ ನಿಜ. ಆದರೆ ವಿನಾಶಕಾರಿ ಪ್ರವಾಹದ ಜತೆಗೆ ಅನ್ನ ಕೊಡುವ ನೆರೆಯೂ ನಿಂತಿತು. ಅಣೆಕಟ್ಟಿನಿಂದ ಕೃತಕ ನೆರೆ ಬಿಡುವುದಾಗಿ ನೀಡಿದ್ದ ಭರವಸೆ ದಡದ ಬೇಸಾಯವನ್ನು ಉಳಿಸಲಿಲ್ಲ. ಅದೇ ವೇಳೆ, 2011ರಲ್ಲಿ ಪ್ರಕಟವಾದ ಕುರಾಜ್ ಸಕ್ಕರೆ ಯೋಜನೆ ಹುಲ್ಲುಗಾವಲುಗಳಿಗೆ ಕೈಹಾಕಿತು. ಪಶುಪಾಲಕರನ್ನು ಹೊಸ ಗ್ರಾಮಗಳಲ್ಲಿ ನೆಲೆಗೊಳಿಸುವ ಕಾರ್ಯಕ್ರಮವೂ ಜತೆಗೂಡಿತು. ಮೂರು ಆಧಾರಗಳಲ್ಲಿ ಎರಡು ಹೀಗೆ ಸಡಿಲಗೊಂಡವು.

ಪಶುಪಾಲಕರ ಭೂಮಿಯನ್ನು 'ಖಾಲಿ ಜಾಗ' ಎಂದು ಭಾವಿಸುವ ನೀತಿಗೆ ಕರ್ನಾಟಕದ ನಂಟೂ ಇದೆ. ಇಥಿಯೋಪಿಯಾದ ಪಶ್ಚಿಮದ ಗಂಬೆಲಾದಲ್ಲಿ ಬೆಂಗಳೂರಿನ ಕರುತುರಿ ಗ್ಲೋಬಲ್ ಸಂಸ್ಥೆ ಒಂದು ಲಕ್ಷ ಹೆಕ್ಟೇರ್ ಭೂಮಿಯನ್ನು ಗುತ್ತಿಗೆ ಪಡೆದಿತ್ತು. ಅದರ ಅಲ್ಪಭಾಗವಷ್ಟೇ ಅಭಿವೃದ್ಧಿಯಾಗಿದೆ ಎಂಬ ಕಾರಣ ನೀಡಿ ಅಲ್ಲಿನ ಸರ್ಕಾರ 2015ರಲ್ಲಿ ಒಪ್ಪಂದ ರದ್ದುಪಡಿಸಿತು.

ಇಂತಹ ಸ್ಥಿತಿಯಲ್ಲಿ ಪ್ರವಾಸಿಗರ ಹಣವೇ ಧಾನ್ಯ ಕೊಳ್ಳುವ ದಾರಿಯಾಗುವುದು ಅಚ್ಚರಿಯಲ್ಲ. ಆದರೆ ಆ ದಾರಿ ಎಷ್ಟು ದುರ್ಬಲವೆಂಬುದನ್ನು 2020 ತೋರಿಸಿಕೊಟ್ಟಿತು. ಕೊರೊನಾ ಪಿಡುಗಿನಿಂದ ಪ್ರವಾಸಿಗರು ನಿಂತರು. ಅದೇ ವರ್ಷ ದೇಶದ ಉತ್ತರದಲ್ಲಿ ಯುದ್ಧ ಭುಗಿಲೆದ್ದಿತು. ಜತೆಗೆ 2020ರಿಂದ 2022ರವರೆಗೆ ಆಫ್ರಿಕಾದ ಕೊಂಬು ಪ್ರದೇಶದಲ್ಲಿ ಸತತ ಐದು ಮಳೆಗಾಲಗಳು ವಿಫಲವಾದವು. ಹಿಂದಾಗಿದ್ದರೆ ಇಂತಹ ಬರದಲ್ಲಿ ಓಮೋ ದಡ ಕೈಹಿಡಿಯುತ್ತಿತ್ತು.

ಬಿಲ್ಲೆ ಧರಿಸುವ ತುಟಿಯನ್ನು ನೋಡಲು ಬರುವ ಜಗತ್ತು, ಅದರ ಹಿಂದಿನ ಬಾಯಿಗೆ ಬೇಕಾದ ತುತ್ತನ್ನು ಕುರಿತು ಯೋಚಿಸಿಲ್ಲ. ಋತುವಿಗೆ ಅನುಗುಣವಾಗಿ ನೆರೆ ಬಿಡುವ ಕಟ್ಟುನಿಟ್ಟಿನ ನಿಯಮ, ಹುಲ್ಲುಗಾವಲಿನ ಮೇಲೆ ಸಮುದಾಯಗಳ ಹಕ್ಕು, ಪ್ರವಾಸದ ಆದಾಯದಲ್ಲಿ ನ್ಯಾಯವಾದ ಪಾಲು - ಇವು ಅಸಾಧ್ಯದ ಬೇಡಿಕೆಗಳೇನಲ್ಲ. ಚಿತ್ರಕ್ಕೆ ನಿಲ್ಲುವುದು ಹಸಿವಿನ ಅನಿವಾರ್ಯತೆಯಾಗಿರುವವರೆಗೆ ಅದನ್ನು ಸಂಸ್ಕೃತಿಯ ಪ್ರದರ್ಶನವೆಂದು ಕರೆಯಲಾಗದು.