ಆಟದ ರೋಗವೂ ರೋಗಿಯ ಮಾನವೂ

ಹುಡುಗರ ಆಟವೆಂದು ಹಿರಿಯರು ಕಡೆಗಣಿಸುವ ಸಂಗತಿಗಳಲ್ಲಿ ಕೆಲವು ಹಿರಿಯರ ವಿಚಾರಕ್ಕೂ ಯೋಗ್ಯವಾಗಿರುತ್ತವೆ. ಅಮೆರಿಕೆಯ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿ 1974ರಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಆಟವೂ ಅದರ ಮಾದರಿಯಲ್ಲಿ ಹುಟ್ಟಿದ ಇತರ ಆಟಗಳೂ ಅಂಥವು. ನಾಲ್ಕಾರು ಮಂದಿ ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸಿ, ಮಾತಿನಿಂದಲೂ ದಾಳದಿಂದಲೂ ಒಂದು ಅದ್ಭುತ ಕಥೆಯನ್ನು ನಡೆಯಿಸುವುದೇ ಈ ಆಟದ ಸ್ವರೂಪ. ಕಥೆಯ ಲೋಕವನ್ನು ಕಲ್ಪಿಸಿ ನಡೆಯಿಸುವವನನ್ನು ಸೂತ್ರಧಾರನೆಂದು ಕರೆಯಬಹುದು. ಅವನು ಆ ಲೋಕಕ್ಕೆ ನದಿ, ನಗರ, ರಾಜರು, ರಾಕ್ಷಸರು ಇವರನ್ನೆಲ್ಲ ಸೃಷ್ಟಿಸುವಂತೆಯೇ ರೋಗಗಳನ್ನೂ ಸೃಷ್ಟಿಸುತ್ತಾನೆ. ಈ ರೋಗಸೃಷ್ಟಿಯು ಸಾಮಾನ್ಯವಾಗಿ ನಡೆಯುತ್ತಿರುವ ರೀತಿ ಸರಿಯಲ್ಲವೆಂಬುದೇ ನಮ್ಮ ವಾದ.

ಇದರಲ್ಲಿ ಎರಡು ದೋಷಗಳಿವೆ. ಮೊದಲನೆಯದು, ರೋಗವನ್ನು ಬರಿಯ ಲೆಕ್ಕವನ್ನಾಗಿ ಮಾಡುವುದು. ದಾಳ ಬಿತ್ತು, ರೋಗ ಬಂತು, ಬಲದಲ್ಲಿ ಇಷ್ಟು ಕಳೆಯಿತು. ಮಂತ್ರವಾದಿ ಕೈಯೆತ್ತಿದನು, ರೋಗ ಹೋಯಿತು. ಈ ಆಟದ 2014ರ ಐದನೆಯ ಆವೃತ್ತಿಯಲ್ಲಿ ಎರಡನೆಯ ದರ್ಜೆಯ ಒಂದು ಸಣ್ಣ ಮಂತ್ರವೇ ರೋಗವೊಂದನ್ನು ನಿವಾರಿಸಲು ಸಾಕಾಗಿತ್ತು. ಪ್ಯಾಲಡಿನ್ ಎಂಬ ಧರ್ಮವೀರನಿಗಂತೂ ಮೂರನೆಯ ಮಟ್ಟವನ್ನು ಮುಟ್ಟಿದೊಡನೆ ಯಾವ ರೋಗವೂ ತಗಲುತ್ತಿರಲಿಲ್ಲ. ಇಂಥ ಲೋಕದಲ್ಲಿ ರೋಗಕ್ಕೆ ಹಾಸಿಗೆಯೂ ಇಲ್ಲ, ಹಾಸಿಗೆಯ ಪಕ್ಕದಲ್ಲಿ ಎಚ್ಚತ್ತಿರುವ ತಾಯಿಯೂ ಇಲ್ಲ.

ಎರಡನೆಯ ದೋಷ ಇದಕ್ಕಿಂತ ಘೋರವಾದುದು. ಅದು ರೋಗವನ್ನು ಹೇಸಿಗೆಯನ್ನಾಗಿಯೋ ಹಾಸ್ಯವನ್ನಾಗಿಯೋ ಪಾಪದ ಗುರುತನ್ನಾಗಿಯೋ ಮಾಡುವುದು. ಅದೇ 2014ರ ಸೂತ್ರಧಾರರ ಕೈಪಿಡಿಯಲ್ಲಿ ಒಂದು ನಗೆಜ್ವರವಿದೆ; ರೋಗಿಯು ಹೆದರಿದಾಗಲೂ ಪೆಟ್ಟುತಿಂದಾಗಲೂ ಹುಚ್ಚುಹುಚ್ಚಾಗಿ ನಗುವುದೇ ಅದರ ಲಕ್ಷಣ. ಇಂಗ್ಲೆಂಡಿನಲ್ಲಿ ಹುಟ್ಟಿದ ‘ವಾರ್‌ಹ್ಯಾಮರ್’ ಆಟದಲ್ಲಿ ನರ್ಗಲ್ ಎಂಬ ವ್ಯಾಧಿದೇವನಿದ್ದಾನೆ. ಅವನ ಅನುಚರರು ಕೊಳೆತ ಮೈಯವರು, ಕೀವು ಸುರಿಸುವವರು, ಮನುಷ್ಯಕುಲದ ವೈರಿಗಳು. ಹುಣ್ಣಾದ ಮೈಯನ್ನು ಕಂಡೊಡನೆ ಕತ್ತಿ ಹಿರಿಯಬೇಕೆಂಬ ಪಾಠವನ್ನಲ್ಲದೆ ಆಟಗಾರನು ಇದರಿಂದ ಬೇರೇನನ್ನು ಕಲಿತಾನು?

“ಇದು ವಿನೋದ, ವಿನೋದಕ್ಕೆ ವೈದ್ಯಶಾಸ್ತ್ರವೇಕೆ?” ಎಂದು ಆಕ್ಷೇಪಿಸುವವರುಂಟು. ಅಂಥವರನ್ನು ನಾವು ಕೇಳುವುದಿಷ್ಟೆ: ಕೋಟೆಯ ಗೋಡೆಯ ಎತ್ತರವನ್ನೂ ಕತ್ತಿಯ ತೂಕವನ್ನೂ ಕುದುರೆಯ ದಿನದ ನಡಗೆಯನ್ನೂ ಅಷ್ಟೊಂದು ಶ್ರದ್ಧೆಯಿಂದ ಗೊತ್ತುಮಾಡುವವರು ರೋಗದ ವಿಷಯದಲ್ಲಿ ಮಾತ್ರ ಏಕೆ ಸೋಮಾರಿಗಳಾಗಬೇಕು? ರೋಗಕ್ಕೆ ಕಾರಣವೊಂದನ್ನು ಕಲ್ಪಿಸಿದರೆ ವಿನೋದವು ಕುಂದುವುದೂ ಇಲ್ಲ. ಮೇಲೆ ನಾವು ದೂಷಿಸಿದ ಕೈಪಿಡಿಯಲ್ಲಿಯೇ ಇದಕ್ಕೆ ನಿದರ್ಶನವಿದೆ. ಅದರಲ್ಲಿ ಹೇಳಿರುವ ಒಂದು ನೇತ್ರರೋಗವು ಕೆಟ್ಟ ನೀರನ್ನು ಕುಡಿದವರಿಗೆ ತಗಲುತ್ತದೆ. ಮರುದಿನ ಕಣ್ಣು ಮಂಜಾಗತೊಡಗಿ ದಿನೇ ದಿನೇ ದೃಷ್ಟಿ ಇಳಿದು ಕಡೆಗೆ ಕುರುಡಾಗುತ್ತದೆ. ಜವುಗು ನೆಲದಲ್ಲಿ ಅಪರೂಪವಾಗಿ ಬೆಳೆಯುವ ಒಂದು ಹೂವನ್ನು ತಂದು, ಮುಲಾಮು ಮಾಡಿ, ಮೂರು ಸಲ ಹಚ್ಚಿದರೆ ಗುಣವಾಗುತ್ತದೆ. ಇಲ್ಲಿ ಕಾರಣವುಂಟು, ಕ್ರಮವುಂಟು, ಔಷಧವುಂಟು. ಬಾವಿಯನ್ನು ಕೆಡಿಸಿದವರಾರು? ಹೂವನ್ನು ತರಲು ಹೋಗುವವರಾರು? ಕಥೆಯು ತಾನಾಗಿಯೇ ಹುಟ್ಟುತ್ತದೆ. ಇದೊಂದನ್ನು ಬರೆಯಬಲ್ಲವರು ಉಳಿದವನ್ನೂ ಹೀಗೆಯೇ ಬರೆಯಬಹುದಾಗಿತ್ತು.

ಇತಿಹಾಸವು ಇನ್ನೂ ದೊಡ್ಡ ಗುರು. ಯೂರೋಪಿನಲ್ಲಿ ಮಧ್ಯಯುಗದ ಜನರು ಕೈಕಾಲು ಉರಿದು ಕಪ್ಪಾಗಿ ಉದುರಿಹೋಗುವ ಒಂದು ವ್ಯಾಧಿಯನ್ನು ಸಂತ ಆಂಟನಿಯ ಬೆಂಕಿ ಎಂದು ಕರೆದರು. ತಪ್ಪು ಇದ್ದುದು ರೋಗಿಯ ನಡತೆಯಲ್ಲಲ್ಲ, ಅವನು ತಿಂದ ರೊಟ್ಟಿಯಲ್ಲಿ. ರೈ ಎಂಬ ಧಾನ್ಯದ ತೆನೆಗೆ ಹತ್ತುವ ಬೂಷ್ಟು ಅದಕ್ಕೆ ಕಾರಣವೆಂದು ಅನಂತರ ತಿಳಿಯಿತು. ಇಂಗ್ಲೆಂಡಿನ ಡಾರ್ಬಿಷೈರಿನ ಈಮ್ ಎಂಬ ಹಳ್ಳಿಗೆ 1665ರಲ್ಲಿ ಪ್ಲೇಗು ಬಂದಿತು. ಮುಂದಿನ ವರ್ಷ ಮಾಂಪೆಸನ್ ಎಂಬ ಪಾದ್ರಿಯ ಮಾತಿನಂತೆ ಊರಿನವರು ತಮ್ಮ ಎಲ್ಲೆಯನ್ನು ತಾವೇ ಮುಚ್ಚಿಕೊಂಡರು. ಎಲ್ಲೆಗಲ್ಲಿನ ಗುಳಿಗಳಲ್ಲಿ ವಿನಿಗರ್ ತುಂಬಿ, ಅದರಲ್ಲಿ ಹಣವನ್ನಿಟ್ಟು, ಹೊರಗಿನವರು ತಂದಿಟ್ಟ ಆಹಾರವನ್ನು ಪಡೆದರೆಂದು ಹೇಳುತ್ತಾರೆ. ಸುಮಾರು 260 ಮಂದಿ ಸತ್ತರು. ಅಲ್ಲಿ ಮಂತ್ರವಾದಿಯಿರಲಿಲ್ಲ, ಕತ್ತಿಗೆ ಕೆಲಸವೂ ಇರಲಿಲ್ಲ. ಆದರೂ ನೆರೆಯೂರುಗಳನ್ನು ಉಳಿಸಲು ತಮ್ಮ ಮನೆಯಲ್ಲಿಯೇ ನಿಂತವರ ಧೈರ್ಯಕ್ಕೆ ಯಾವ ವೀರನ ಸಾಹಸವು ಸಮನಾದೀತು?

ಕಲ್ಪನೆಯ ರೋಗವು ಕಲ್ಪನೆಯಲ್ಲಿಯೇ ಉಳಿಯುತ್ತದೆಂದು ಸಮಾಧಾನಪಡುವವರಿಗೆ ನಮ್ಮ ದೇಶದ ಒಂದು ನಿದರ್ಶನವನ್ನು ಕೊಡುತ್ತೇವೆ. ಕುಷ್ಠಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ನಾರ್ವೆಯ ಹ್ಯಾನ್ಸನ್ ಎಂಬ ವೈದ್ಯನು 1873ರಲ್ಲಿಯೇ ಕಂಡನು. ಅದನ್ನು ಗುಣಪಡಿಸುವ ಬಹೌಷಧ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆಯು 1981ರಲ್ಲಿ ವಿಧಿಸಿತು. ಆದರೂ ರೋಗಿಗಳನ್ನು ಬೇರ್ಪಡಿಸಲು 1898ರಲ್ಲಿ ಮಾಡಿದ ಕಾನೂನು ರದ್ದಾದುದು 2016ರಲ್ಲಿ; ಕುಷ್ಠವು ವಿವಾಹವಿಚ್ಛೇದನಕ್ಕೆ ಕಾರಣವಾಗಬಹುದೆಂಬ ವಿಧಿಯನ್ನು ನಮ್ಮ ಸಂಸತ್ತು ತೆಗೆದುಹಾಕಿದುದು 2019ರಲ್ಲಿ. ಔಷಧವು ದೊರೆತ ಮೇಲೂ ಮೂವತ್ತೆಂಟು ವರ್ಷ ಆ ವಿಧಿಯನ್ನು ಉಳಿಸಿದುದು ಸೂಕ್ಷ್ಮಜೀವಿಯಲ್ಲ. ಕುಷ್ಠವು ಶಾಪವೆಂದು ತಲೆತಲಾಂತರದಿಂದ ಹೇಳುತ್ತ ಬಂದ ಕಥೆಗಳಿಗೂ ಅದರಲ್ಲಿ ಪಾಲುಂಟು. ಕಥೆ ಕಟ್ಟುವವನು ಈ ಋಣದಿಂದ ತಪ್ಪಿಸಿಕೊಳ್ಳಲಾರನು. ಮೇಜಿನ ಮೇಲೆ ದಾಳದೊಡನೆ ಕಟ್ಟಿದರೂ ಕಥೆಯು ಕಥೆಯೇ.

ಆದಕಾರಣ ಆಟಗಳಲ್ಲಿ ರೋಗವೇ ಬೇಡವೆಂದು ನಾವು ಹೇಳುವುದಿಲ್ಲ. ರೋಗವಿಲ್ಲದ ಲೋಕವು ಮನುಷ್ಯರ ಲೋಕವಲ್ಲ. ಆದರೆ ರೋಗವನ್ನು ಸೃಷ್ಟಿಸುವವನು ಅದು ಎಲ್ಲಿಂದ ಬಂತು, ಯಾರನ್ನು ಮೊದಲು ಹಿಡಿಯಿತು, ಹಿಡಿದವರನ್ನು ಊರು ಹೇಗೆ ನಡೆಯಿಸಿಕೊಂಡಿತು ಎಂಬುದಕ್ಕೆ ಉತ್ತರವನ್ನು ಸಿದ್ಧಮಾಡಿಕೊಳ್ಳಲಿ. ರೋಗಿಗೆ ಹೆಸರನ್ನು ಕೊಡಲಿ, ಮನೆಯನ್ನು ಕೊಡಲಿ, ಮಾತನಾಡಲು ಬಾಯನ್ನು ಕೊಡಲಿ. ಒಂದು ಮಂತ್ರದಿಂದ ಎಲ್ಲವೂ ಗುಣವಾಗುವುದಾದರೆ, ಆ ಮಂತ್ರವು ಬಡವನ ಮನೆಯವರೆಗೆ ಏಕೆ ಬರಲಿಲ್ಲವೆಂಬುದನ್ನಾದರೂ ಆಟಗಾರರು ಕೇಳುವಂತೆ ಮಾಡಲಿ. ನಮ್ಮ ಮನೆಗಳಲ್ಲಿಯೂ ಹುಡುಗರು ಈ ಆಟವನ್ನು ಆಡುವುದಾದರೆ ತಂದೆತಾಯಿಗಳು ಗದರಿಸಬೇಕಾದುದಿಲ್ಲ, “ನಿಮ್ಮ ಕಥೆಯಲ್ಲಿ ರೋಗಿಯನ್ನು ನೋಡಿಕೊಳ್ಳುವವರು ಯಾರು?” ಎಂದು ಕೇಳಿದರೆ ಸಾಕು. ಆ ಪ್ರಶ್ನೆಗೆ ಉತ್ತರ ಹುಡುಕಿದ ಹುಡುಗನು ಆಟವನ್ನೂ ಚೆನ್ನಾಗಿ ಆಡುವನು, ನೆರೆಮನೆಯಲ್ಲಿ ಕಾಯಿಲೆ ಬಿದ್ದವರ ಬಾಗಿಲನ್ನೂ ತಟ್ಟುವನು.