ಕಾಪಿಯ ಕಾಪಿ

ಸೋದರಿಯರೇ, ಒಮ್ಮೆ ಇಳಿಸಿದ ಕಾಫಿಪುಡಿಗೇ ಮತ್ತೆ ಮತ್ತೆ ಬಿಸಿನೀರು ಹಾಕಿದರೆ ಡಿಕಾಕ್ಷನ್ ಏನಾಗುತ್ತೆ? ಇಂಗ್ಲೆಂಡಿನ ಬೀಟಲ್ಸ್ ತಂಡದ ‘ಲೆಟ್ ಇಟ್ ಬಿ’ ಚಿತ್ರಕ್ಕೂ ಅದೇ ಆಯಿತು ನೋಡಿ. 1970ರಲ್ಲಿ ತೆರೆಕಂಡ ಇದರ ವಿಡಿಯೋ ಕ್ಯಾಸೆಟ್ 1980ರ ದಶಕದ ಮೊದಲಲ್ಲಿ ಅಂಗಡಿಗೆ ಬಂದು, ಸ್ವಲ್ಪ ಕಾಲದಲ್ಲೇ ಮಾಯವಾಯಿತು. ಆಮೇಲೆ ಅಭಿಮಾನಿಗಳಿಗೆ ಕಳ್ಳಪ್ರತಿಯೇ ಗತಿ. ಕ್ಯಾಸೆಟ್‌ನಿಂದ ಕ್ಯಾಸೆಟ್‌ಗೆ ಇಳಿಸಿದಷ್ಟೂ ಬಣ್ಣ ಕದಡಿ, ದನಿ ಗೊಗ್ಗರು. 1969ರ ಜನವರಿ 30ರಂದು ಲಂಡನ್ನಿನ ತಮ್ಮ ಕಚೇರಿಯ ಮಾಳಿಗೆ ಮೇಲೆ, ಆ ಚಳಿಯಲ್ಲಿ ಹಾಡಿದ ನಾಲ್ವರ ಮುಖವೇ ಮಸಕು! (ಕದ್ದದ್ದು ತಪ್ಪೇ, ಕೊಡದೆ ಬಚ್ಚಿಟ್ಟವರನ್ನು ಏನನ್ನೋಣ?) ಕೊನೆಗೆ 2024ರ ಮೇ ತಿಂಗಳಲ್ಲಿ ಚಿತ್ರ ಚೊಕ್ಕಟವಾಗಿ ಹೊರಬಂತು.

ನಿಮ್ಮ ಮದುವೆ ಕ್ಯಾಸೆಟ್ ಅಟ್ಟದ ಮೇಲಿದೆಯೇ? ನಾದಿನಿ ಮನೆಯ ಕಾಪಿಯಿಂದ ಬೇಡ, ಮೂಲ ಕ್ಯಾಸೆಟ್‌ನಿಂದಲೇ ಪೆನ್‌ಡ್ರೈವಿಗೆ ಹಾಕಿಸಿ, ಬೂಷ್ಟು ಹಿಡಿಯುವ ಮುಂಚೆ.